ಯುರೋಪಿನ ಬಿಲ್ಟಿ

ಯುರೋಪಿನ ಬಗ್ಗೆ ನಮ್ಮ ಕಾಕಾನಿಗೆ ಗೊತ್ತಿದ್ದಷ್ಟು ಸ್ವತಃ ಯುರೋಪಿಗೂ ಗೊತ್ತಿರಲಿಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು. ಪರೀಕ್ಷಿಸಿ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ, ಅವರೂ ಇರಲಿಲ್ಲ. ಪುಣೆಯಿಂದ ಪಶ್ಚಿಮಕ್ಕೆ ಕಾಕಾ ಹೋದ ಅತಿ ದೂರದ ಊರು ಲೋಣಾವಳ. ಅದೂ ಒಂದೇ ಸಲ, ಕಳೆದುಹೋದ ಒಂದು ಮಾವಿನ ಬುಟ್ಟಿಯ ವಿಚಾರಣೆಗೆ. ಬುಟ್ಟಿ ಸಿಕ್ಕಿತು, ಮಾವು ಸಿಗಲಿಲ್ಲ. ಹೋದದ್ದಕ್ಕೆ ಘಟ್ಟದ ಅಂಚಿನಲ್ಲಿ ನಿಂತು ಪಶ್ಚಿಮದ ಕಡೆ ಒಮ್ಮೆ ಕಣ್ಣು ಹಾಯಿಸಿದರಂತೆ. "ಏನ ಕಂಡ್ರಿ?" ಎಂದು ಕೇಳಿದರೆ, "ಮಂಜು ಭಾಳ ಇತ್ತು" ಎಂದರು. ಯುರೋಪಿನೊಡನೆ ಅವರ ಪ್ರತ್ಯಕ್ಷ ಸಂಬಂಧ ಅಷ್ಟೇ.

ಇಂಥ ಮನುಷ್ಯ ಹದಿನೈದು ವರ್ಷ ಒಂದೇ ವಿಷಯವನ್ನು ಅಭ್ಯಾಸ ಮಾಡಿದರು. ಯಹೂದಿ, ಕ್ರೈಸ್ತ, ಇಸ್ಲಾಂ ಈ ಮೂರು ಧರ್ಮಗಳು ಯುರೋಪಿನ ಸಂಸ್ಕೃತಿಯನ್ನು ಹೇಗೆ ಕಟ್ಟಿದವು ಎಂಬುದು ಆ ವಿಷಯ. ಅವರಿಗಿದ್ದ ಆಸೆಯೂ ಒಂದೇ. ಪುಣೆಯ ಕನ್ನಡಿಗರ ಸಂಘದವರು ಪ್ರತಿ ವರ್ಷ ಸಂಕ್ರಾಂತಿಯ ನಂತರ ಉಪನ್ಯಾಸಮಾಲೆ ನಡೆಸುತ್ತಿದ್ದರು. ಅಲ್ಲಿ ಒಂದು ಸಂಜೆ, ಒಂದು ತಾಸಿನೊಳಗೆ, ಇದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಹೇಳಿ ಮುಗಿಸಿ ವೇದಿಕೆಯಿಂದ ಇಳಿಯಬೇಕು. ಮುಗಿಸಿ ಎಂಬ ಶಬ್ದವನ್ನು ದಯವಿಟ್ಟು ಗಮನಿಸಬೇಕು. ತೊಂದರೆ ಇದ್ದದ್ದೆಲ್ಲ ಅಲ್ಲಿಯೇ.

ನಾನು ಶಾಲೆಯಲ್ಲಿ ಮಾಸ್ತರಿಕೆಗೆಂದು ಧಾರವಾಡದಿಂದ ಪುಣೆಗೆ ಬಂದವಳು. ಸದಾಶಿವ ಪೇಠೆಯ ಒಂದು ವಾಡೆಯ ಹಿಂಭಾಗದಲ್ಲಿ ಕಾಕಾ, ಅವರ ಹೆಂಡತಿ ಕಾಕೂ ಇಬ್ಬರೇ ಇದ್ದ ಎರಡು ಖೋಲಿಗಳ ಮನೆಯಲ್ಲಿ ಏಳು ವರ್ಷ ಇದ್ದೆ. ಆದ್ದರಿಂದ ಕಂಡದ್ದನ್ನು ಕಂಡೆ ಎಂದೂ, ಬರಿ ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಬೇರೆಯಾಗಿ ಹೇಳಬಲ್ಲೆ.

ಈ ಅಭ್ಯಾಸ ಶುರುವಾದದ್ದು ನಾನು ಬರುವ ಮೊದಲು, ಹಾಗಾಗಿ ಇದು ಕೇಳಿದ್ದು. ಕಾಕಾ ರೇಲ್ವೆಯ ಪಾರ್ಸಲ್ ಆಫೀಸಿನಲ್ಲಿ ಕಾರಕೂನರು. ಒಂದು ಸಲ ಯಾರೂ ಬಿಡಿಸಿಕೊಳ್ಳದ ಪುಸ್ತಕದ ಪೆಟ್ಟಿಗೆಯೊಂದು ಹರಾಜಿಗೆ ಬಂತು. ಕೂಗುವವರು ಯಾರೂ ಇರಲಿಲ್ಲ. ಜಾಗ ಖಾಲಿಯಾದರೆ ಸಾಕೆಂದು ಸಾಹೇಬರು "ನೀವೇ ಒಯ್ರಿ" ಎಂದರು. ತೆರೆದು ನೋಡಿದರೆ ಯುರೋಪಿನ ಇತಿಹಾಸ, ಹನ್ನೆರಡು ಸಂಪುಟಗಳಲ್ಲಿ. ಅವುಗಳಲ್ಲಿ ಮೊದಲನೆಯದೂ ಇರಲಿಲ್ಲ, ಕೊನೆಯದೂ ಇರಲಿಲ್ಲ. ಯುರೋಪು ಎಲ್ಲಿಂದ ಬಂತು, ಕೊನೆಗೆ ಏನಾಯಿತು, ಎರಡೂ ತಿಳಿಯುವಂತಿರಲಿಲ್ಲ. ಬೇರೆಯವರಾಗಿದ್ದರೆ ರದ್ದಿಗೆ ಹಾಕುತ್ತಿದ್ದರು. ಆದರೆ ಕಾಕಾ ಪಾರ್ಸಲ್ ಆಫೀಸಿನವರು. ಕಳಿಸಿದವರ ವಿಳಾಸವಿಲ್ಲದ ಸಾಮಾನು ಕಣ್ಣಿಗೆ ಬಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಹೀಗೆ ಅವರು ಯುರೋಪನ್ನು ಕಳಿಸಿದವರು ಯಾರು ಎಂದು ಹುಡುಕತೊಡಗಿದರು. ಹುಡುಕಿದ ಪದ್ಧತಿಯೂ ಆಫೀಸಿನದೇ. ರೇಲ್ವೆಯಲ್ಲಿ ಪ್ರತಿಯೊಂದು ಗಂಟಿಗೂ ಒಂದು ಬಿಲ್ಟಿ ಇರುತ್ತದೆ. ಯಾವ ಊರಿನಿಂದ ಬುಕ್ ಆಯಿತು, ಯಾವ ಊರಿಗೆ ಹೋಗಬೇಕು, ಎಲ್ಲಿ ಗಾಡಿ ಬದಲಿಸಿತು, ಏನು ಸಾಮಾನು, ಸ್ಥಿತಿ ಹೇಗಿದೆ, ಎಲ್ಲ ಅದರಲ್ಲಿ ಬರೆದಿರುತ್ತದೆ. ಕಾಕಾ ಆಫೀಸಿನ ಹಳೆಯ, ಬಳಸಿ ಬಿಸಾಡಿದ ಬಿಲ್ಟಿಗಳನ್ನು ತಂದು, ಅವುಗಳ ಬೆನ್ನಿನ ಮೇಲೆ ಯುರೋಪಿನ ಒಂದೊಂದು ಸಂಗತಿಗೂ ಒಂದೊಂದು ಬಿಲ್ಟಿ ಬರೆದರು. ಕಾಗದಕ್ಕೊಂದು. ಸಕ್ಕರೆಗೊಂದು. ಚರ್ಚಿನ ಹಾಡಿಗೊಂದು, ಅದು ಬುಕ್ ಆದದ್ದು ಯಹೂದಿಗಳ ದೇವಾಲಯದಲ್ಲಿ. ವೈದ್ಯಶಾಸ್ತ್ರಕ್ಕೊಂದು, ಗ್ರೀಸಿನಲ್ಲಿ ಹೊರಟು, ಬಗದಾದಿನಲ್ಲಿ ಅರಬ್ಬಿಗೆ ತಿರುಗಿ, ಸ್ಪೇನಿನ ಟೊಲೆಡೊದಲ್ಲಿ ಲ್ಯಾಟಿನ್ನಿಗೆ ತಿರುಗಿದ್ದು.

"ಟೊಲೆಡೊ ಅಂದ್ರ ಏನಂತ ತಿಳಕೊಂಡಿ?" ಎಂದು ನನ್ನನ್ನು ಕೇಳುತ್ತಿದ್ದರು. "ಯುರೋಪಿನ ಮಿರಜ ಜಂಕ್ಷನ್. ಮುಸಲ್ಮಾನರು ತಂದು ಇಳಸ್ತಾರ, ಯಹೂದಿಗಳು ಹಮಾಲಿ ಮಾಡ್ತಾರ, ಕ್ರೈಸ್ತರು ಏರಿಸ್ಕೋತಾರ. ಮೂರು ಮಂದಿ ಕೈ ಹಚ್ಚದ ಒಂದು ಗಂಟೂ ಅಲ್ಲಿಂದ ಮುಂದ ಹೋಗಿಲ್ಲ."

ವಾರದ ವಿಶ್ರಾಂತಿಯ ಬಿಲ್ಟಿ ಅವರಿಗೆ ಬಹಳ ಪ್ರೀತಿಯದು. "ಏಳು ದಿನಕ್ಕೊಂದು ದಿನ ಸೂಟಿ ಅನ್ನೂದು ಯಹೂದಿಗಳು ಬುಕ್ ಮಾಡಿದ್ದು, ಶನಿವಾರ. ರೋಮಿಗೆ ಮುಟ್ಟೂದರಾಗ ರವಿವಾರ ಆತು. ಒಂದು ದಿನ ತಡ." ಇಲ್ಲಿ ಒಂದು ಕ್ಷಣ ನಿಲ್ಲಿಸಿ, "ದೂರದ ಹಾದಿ. ಅಷ್ಟು ಇರೂದೇ" ಎಂದು ಇಲಾಖೆಯ ಪರವಾಗಿ ಕ್ಷಮಿಸಿಬಿಡುತ್ತಿದ್ದರು.

ಇದನ್ನೆಲ್ಲ ಕಾಕೂ ಕೇಳುತ್ತಿದ್ದಳೇ? ನನಗಂತೂ ಹಾಗೆ ಅನಿಸಿರಲಿಲ್ಲ. ಕಾಕಾ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಬಿಲ್ಟಿ ಓದುವಾಗ ಆಕೆ ಅಕ್ಕಿ ಆರಿಸುತ್ತಲೋ ಭಾಂಡೆ ಒರೆಸುತ್ತಲೋ ಇರುತ್ತಿದ್ದಳು. ಮುಖ ಎತ್ತುತ್ತಿರಲಿಲ್ಲ. ಒಂದು ಸಲ ಮಾತ್ರ ಮಾತಾಡಿದ್ದನ್ನು ಕಂಡಿದ್ದೇನೆ. ಆ ದಿನ ಕಾಕಾ ಸೊನ್ನೆಯ ಬಿಲ್ಟಿ ಬರೆದು ಮುಗಿಸಿ ಉಬ್ಬಿಹೋಗಿದ್ದರು.

"ಯುರೋಪಿನ ಗಣಿತ ಎಲ್ಲಾ ನಿಂತದ್ದು ಸೊನ್ನಿ ಮ್ಯಾಲೆ. ಅದು ಬುಕ್ ಆದದ್ದು ಎಲ್ಲೆ? ನಮ್ಮ ದೇಶದಾಗ! ಅರಬರು ಬಗದಾದಿನಾಗ ಇಳಿಸ್ಕೊಂಡು ಸ್ಪೇನಿಗೆ ಕಳಿಸಿದ್ರು. ಯುರೋಪಿನವರಿಗೆ ಅದರ ಉಪಯೋಗ ಏನಂತ ತಿಳೀಲಿಲ್ಲ. ಭಾಳ ವರ್ಷ ಗೋದಾಮಿನಾಗ ಬಿದ್ದಿತ್ತು."

ಕಾಕೂ ಮೊರಕ್ಕೆ ಹೇಳಿದಳು: "ಈಗ ತಿಳದದ ಬಿಡು. ಸೊನ್ನಿ ನಮಗ ತಿರುಗಿ ಕೊಟ್ಟು, ಉಳದದ್ದೆಲ್ಲಾ ತಾವು ಇಟಗೊಂಡು ಕೂತಾರ."

ಕಾಕಾ ಐದು ನಿಮಿಷ ನಕ್ಕರು. ನಕ್ಕು, ಕಣ್ಣೊರೆಸಿಕೊಂಡು, ಆ ಮಾತನ್ನು ಸೊನ್ನೆಯ ಬಿಲ್ಟಿಯ ಕೆಳಗೆ ಬರೆದುಕೊಂಡರು.

ಕಾಕೂ ಮೊರಕ್ಕೆ ಹೇಳಿದಳು ಎಂದೆನಲ್ಲ, ಅದು ಕೈತಪ್ಪಿ ಬರೆದದ್ದಲ್ಲ. ಆಕೆ ಕಾಕಾನಿಗೆ ನೇರವಾಗಿ ಏನನ್ನೂ ಹೇಳುತ್ತಿರಲಿಲ್ಲ. ಆ ಕಾಲದ ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿರಲಿ, ಎದುರಿಗೆ ನಿಂತು ನನಗೆ ಇದು ಬೇಕು ಎಂದು ಕೇಳುವುದೂ ಚಂದ ಅನಿಸಿಕೊಳ್ಳುತ್ತಿರಲಿಲ್ಲ. ಬೇಕಾದದ್ದನ್ನು ಗೋಡೆಗೋ ಗಡಿಗೆಗೋ ಹೇಳಬೇಕು. ಗಂಡ ಅದನ್ನು ಕೇಳಿಸಿಕೊಂಡು, ತನಗೇ ಹೊಳೆದವರ ಹಾಗೆ ಎದ್ದು ಹೋಗಬೇಕು. ಇದು ಇಬ್ಬರು ಸೇರಿ ನಡೆಸುವ ಪದ್ಧತಿ. ಕಾಕೂ ತನ್ನ ಪಾಲಿನ ಅರ್ಧವನ್ನು ಮೂವತ್ತು ವರ್ಷ ಚಾಚೂ ತಪ್ಪದೆ ನಡೆಸಿದಳು. ಇನ್ನರ್ಧ ಕಾಕಾನದು.

"ಉಪ್ಪಿನ ಭರಣಿ ತಳ ಕಾಣಸ್ತದ," ಎಂದು ಕಾಕೂ ಗೋಡೆಗೆ ಹೇಳುವಳು.

"ಉಪ್ಪು ಅಂದಕೂಡ್ಲೆ ನೆನಪಾತು ನೋಡು," ಎಂದು ಕಾಕಾ ಹುರುಪಿನಿಂದ ಶುರುಮಾಡುವರು. "ವೆನಿಸ್ ಊರಿನವರು ದೊಡ್ಡವರಾದದ್ದೇ ಉಪ್ಪಿನ ವ್ಯಾಪಾರದಿಂದ."

ಆ ದಿನ ನಾವು ವೆನಿಸಿನ ಉಪ್ಪಿನ ಚರಿತ್ರೆಯೊಡನೆ ಉಪ್ಪಿಲ್ಲದ ಸಾರು ಉಂಡೆವು.

ನಾನು ಬಂದ ಮೇಲೆ ಗೋಡೆಗೆ ಹೇಳಿದ್ದನ್ನು ಕೇಳಿಸಿಕೊಳ್ಳುವ ಕೆಲಸ ನನಗೆ ಬಂತು. ಕಾಕೂ ಏನಾದರೂ ಅಂದಳೆಂದರೆ ಅದು ಎಣ್ಣೆಯೋ ಸೌದೆಯೋ ನೀರೋ ನನಗೆ ತಟ್ಟನೆ ತಿಳಿಯುತ್ತಿತ್ತು. ಆ ವಿಷಯದಲ್ಲಿ ನನಗೆ ಸಣ್ಣದೊಂದು ಜಂಬವೂ ಇತ್ತೆಂದು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಪುಸ್ತಕದ ಅಭ್ಯಾಸ ಸಾಲದೆಂದು ಒಂದು ವರ್ಷ ಕಾಕಾನಿಗೆ ಅನಿಸಿತು. ಮೂರು ಧರ್ಮಗಳ ಮೂರು ಪವಿತ್ರ ದಿನಗಳನ್ನು ಸ್ವತಃ ಆಚರಿಸಿ ನೋಡದೆ ಬರೆಯುವುದು ತಪ್ಪು ಎಂದರು. ಶುಕ್ರವಾರ ಮಧ್ಯಾಹ್ನ ಮಸೀದಿಯ ಹೊರಗಿನ ಕಟ್ಟೆಯ ಮೇಲೆ ರುಮಾಲು ಸುತ್ತಿಕೊಂಡು ಕೂತರು. ರವಿವಾರ ಚರ್ಚಿನ ಕಡೆಯ ಬೆಂಚಿನಲ್ಲಿ, ಎಲ್ಲರೂ ಎದ್ದಾಗ ಕೂತು, ಎಲ್ಲರೂ ಕೂತಾಗ ಎದ್ದು, ಒಂದು ತಾಸು ಕಳೆದು ಬಂದರು. ಶನಿವಾರ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ ಎಂದು ಸಾರಿದರು. ಯಹೂದಿಗಳ ನೇಮ ಅದು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಬೆಂಕಿ ಹಚ್ಚಬಾರದು, ಕೆಲಸ ಮಾಡಬಾರದು.

ಕಾಕೂ ಸಿಟ್ಟಿಗೇಳುವಳೆಂದು ನಾನು ಕಾಯ್ದೆ. ಆಕೆ ಹಚ್ಚಿದ ಅವಲಕ್ಕಿಯನ್ನು ತಾಟಿನಲ್ಲಿ ಹಾಕಿಕೊಟ್ಟು, ಸೆರಗು ಹಾಸಿ ಮಲಗಿಬಿಟ್ಟಳು. ಮೂರು ಗಂಟೆಗೆ ಎದ್ದು ಕಂಬಕ್ಕೆ ಹೇಳಿದಳು: "ಮೂರೂ ಧರ್ಮದೊಳಗ ಇದು ಛಲೋ ಅದ."

ಎರಡು ತಿಂಗಳ ನಂತರ ಕಾಕಾನಿಗೆ ಬಿಸಿ ಚಹಾದ ನೆನಪಾಗಿ ಪ್ರಯೋಗ ನಿಂತಿತು. ಅಷ್ಟರೊಳಗೆ ವಾಡೆಯ ತುಂಬ ಸುದ್ದಿ. ಮುಂಭಾಗದಲ್ಲಿದ್ದ ಜೋಶಿ ಆಜೋಬಾ, ಅಂದರೆ ಜೋಶಿ ಅಜ್ಜ, ಒಂದು ದಿನ ಕಾಕಾನನ್ನು ಬಾಗಿಲಲ್ಲೇ ತಡೆದು, ಇವತ್ತು ಮಸೀದಿಯೋ ಚರ್ಚೋ ಎಂದು ಮರಾಠಿಯಲ್ಲಿ ಕೇಳಿದರು: "ಕಾಯ್ ಹೋ, ಆಜ ಮಶೀದ ಕೀ ಚರ್ಚ್?"

ಕಾಕಾ ನಿಂತು, ಯೋಚಿಸಿ, ಪ್ರಾಮಾಣಿಕವಾಗಿ ಉತ್ತರಿಸಿದರು: "ಆಜ ಗುರುವಾರ. ಆಜ ಮೀ ಹಿಂದೂ."

ಇನ್ನು ಉಪನ್ಯಾಸದ ಮಾತು. ಮೊದಲನೆಯ ಸಲ ಸಂಘದವರು ದಿನ ಕೊಟ್ಟಾಗ ಕಾಕಾ ಜಗತ್ತಿನ ಸೃಷ್ಟಿಯಿಂದ ಆರಂಭಿಸಿದರು. ಒಂದು ತಾಸಾದಾಗ ಯಹೂದಿಗಳು ಇನ್ನೂ ಮರುಭೂಮಿಯಲ್ಲೇ ನಡೆಯುತ್ತಿದ್ದರು. ಅವರು ಅಲ್ಲಿ ನಲವತ್ತು ವರ್ಷ ಅಲೆದರೆಂದು ಕಾಕಾ ಹೇಳಿದಾಗ, ಸಭೆಯಲ್ಲಿ ಅದನ್ನು ನಂಬದವರು ಒಬ್ಬರೂ ಇರಲಿಲ್ಲ. ಎರಡನೆಯ ಸಲ ಬಿಲ್ಟಿಗಳನ್ನೆಲ್ಲ ಸಾಲಾಗಿ ಜೋಡಿಸಿ, ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರು. ಸಂಘದ ಮಾಳಿಗೆಯ ಮೆಟ್ಟಿಲ ಮೇಲೆ ಗಂಟು ಬಿಚ್ಚಿತು. ಇನ್ನೂರು ಚಿಲ್ಲರೆ ಬಿಲ್ಟಿಗಳು ಕೆಳಗಿನ ಅಂಗಳದವರೆಗೆ ಹಾರಿಹೋದವು. ಸಿಕ್ಕಿದ್ದನ್ನು ಸಿಕ್ಕ ಹಾಗೆ ಆರಿಸಿಕೊಟ್ಟೆವು. ಆ ಸಂಜೆಯ ಉಪನ್ಯಾಸದಲ್ಲಿ ಮೊದಲು ಮುಸಲ್ಮಾನರು ಸ್ಪೇನಿಗೆ ಬಂದರು, ಅನಂತರ ಜಗತ್ತು ಸೃಷ್ಟಿಯಾಯಿತು.

ಮರುದಿನ ನಾನು ಕೂತು ಎಲ್ಲಕ್ಕೂ ನಂಬರು ಹಾಕಿ, ಒಂದು ತಾಸಿಗೆ ಹೊಂದುವಂತೆ ಆರಿಸಿ, ನನ್ನ ಅಕ್ಷರದಲ್ಲಿ ಮತ್ತೆ ಬರೆದು, ದಾರದಿಂದ ಹೊಲಿದುಕೊಟ್ಟೆ. ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು ಬಹಳ ಮರ್ಯಾದೆಯಿಂದ ಹೇಳಿದರು: "ಕಾಕಾ, ಇನ್ನೊಂದು ಸಲ ದಿನಾ ಕೊಡ್ತೀವ್ರಿ. ಆದ್ರ ಅದು ಕಡೀ ಸಲ. ಮಂದಿ ನಿಮ್ಮ ಹೆಸರು ಕೇಳಿ ಊಟಾ ಮುಗಿಸಿಕೊಂಡೇ ಬರ್ತೀವಿ ಅನ್ಲಿಕ್ಕತ್ತಾರ."

ಆ ಕಡೆಯ ದಿನ ಬರುವುದರೊಳಗೆ ಯುದ್ಧ ಬಂತು. ಕಾಕಾನಿಗೆ ಮೊದಲನೆಯ ಯುರೋಪಿಯನ್ ಗೆಳತಿಯೂ ಸಿಕ್ಕಳು.

ಆಕೆ ಜರ್ಮನಿಯ ಯಹೂದಿ ಮುದುಕಿ. ಅಲ್ಲಿ ಯಹೂದಿಗಳಿಗೆ ಬಾಳುವುದು ಅಸಾಧ್ಯವಾದಾಗ ಮಗನೊಡನೆ ಓಡಿಬಂದವಳು. ಮಗ ಮುಂಬಯಿಯ ಕಾರಖಾನೆಯೊಂದರಲ್ಲಿ ಕೆಲಸ ಹಿಡಿದ. ಅಲ್ಲಿಯ ಸೆಕೆ ತಾಯಿಗೆ ಒಗ್ಗದೆಂದು ಪುಣೆಯ ಕ್ಯಾಂಪಿನಲ್ಲಿ, ಬೇಕರಿಯ ಮೇಲಿನ ಮೂರನೆಯ ಮಜಲಿನಲ್ಲಿ ಒಂದು ಖೋಲಿ ಮಾಡಿಕೊಟ್ಟಿದ್ದ. ಅವಳ ಟ್ರಂಕು ಪಾರ್ಸಲಿನಲ್ಲಿ ಬಂತು. ವಿಳಾಸದ ಚೀಟಿ ಹರಿದಿತ್ತು. ವಿಳಾಸವಿಲ್ಲದ ಸಾಮಾನು! ಕಾಕಾ ಸ್ವತಃ ಹುಡುಕಿಕೊಂಡು ಹೋಗಿ ಮುಟ್ಟಿಸಿದರು. ಎಲ್ಲರೂ ಆಕೆಯನ್ನು ಮೇಡಮ್ಮ ಎನ್ನುತ್ತಿದ್ದರು, ಕಾಕಾನೂ ಹಾಗೇ ಕರೆದರು.

ಅಂದಿನಿಂದ ಶನಿವಾರ ಬೆಳಿಗ್ಗೆ ಕಾಕಾ ಮನೆಯಲ್ಲಿ ಇರುತ್ತಿರಲಿಲ್ಲ. ಸದಾಶಿವ ಪೇಠೆಯಿಂದ ಕ್ಯಾಂಪು ಪೂರ್ವಕ್ಕಿದೆ. ಪಶ್ಚಿಮವನ್ನು ತಿಳಿಯಲೆಂದು ಕಾಕಾ ವಾರವಾರ ಪೂರ್ವಕ್ಕೆ ನಡೆದುಹೋಗುತ್ತಿದ್ದರು. ತಿರುಗಿ ಬಂದಾಗ ಧೋತರದ ಅಂಚಿಗೆ ಇದ್ದಿಲಿನ ಮಸಿ. ಕಾಕೂ ಅದನ್ನು ಮೂರು ವಾರ ತೊಳೆದಳು. ನಾಲ್ಕನೆಯ ವಾರ ನನಗೆ, ನನಗಲ್ಲ, ಬಾವಿಯ ಹಗ್ಗಕ್ಕೆ ಹೇಳಿದಳು: "ಮಸಿ ಎಲ್ಲಿದಂತ ಯಾರರೆ ಒಬ್ಬರು ಹೋಗಿ ನೋಡಿ ಬಂದ್ರ ಆಗ್ತಿತ್ತು."

ಮರುವಾರ ನಾನೂ ಕಾಕಾನ ಜೊತೆ ಹೊರಟೆ. ಇನ್ನು ಮುಂದಿನದು ಕಂಡದ್ದು.

ಡಿಸೆಂಬರಿನ ಚಳಿ. ಮೇಡಮ್ಮ ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂತಿದ್ದಳು, ಹೆಗಲ ಮೇಲೆ ಶಾಲು. ಪಕ್ಕದಲ್ಲಿ ಶೆಗಡಿ, ಇದ್ದಿಲು ತುಂಬಿತ್ತು, ಬೆಂಕಿ ಇರಲಿಲ್ಲ. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಇಬ್ಬರಿಗೂ ಅದು ಪರರ ಭಾಷೆಯಾದ್ದರಿಂದ ಮೆಲ್ಲಗೆ ಮಾತಾಡುತ್ತಿದ್ದರು, ನನಗೆ ಪೂರ್ತಿ ತಿಳಿಯಿತು.

"ಈ ದಿನ ನನ್ನ ಬೆರಳು ಸೆಟೆದುಕೊಂಡಿವೆ," ಎಂದಳು ಮೇಡಮ್ಮ, ಗೋಡೆಯ ಕಡೆ ನೋಡುತ್ತ.

ಕಾಕಾ ಒಂದು ಮಾತೂ ಆಡದೆ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಶೆಗಡಿ ಹಚ್ಚಿದರು. ನಮ್ಮ ಮನೆಯಲ್ಲಿ ಕಡ್ಡಿಪೆಟ್ಟಿಗೆ ಎಲ್ಲಿರುತ್ತದೆಂದು ಗೊತ್ತಿರದ ಮನುಷ್ಯ ಬಗ್ಗಿ, ಊದಿ, ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು ಬೆಂಕಿ ಮಾಡಿದರು.

"ಕಪಾಟಿನ ಆ ಮೂಲೆಯಲ್ಲಿ ಬೆಳಕೇ ಬೀಳುವುದಿಲ್ಲ," ಎಂದಳು ಮೇಡಮ್ಮ. ಕಾಕಾ ಎದ್ದು ದೀಪದ ಗುಂಡಿ ಒತ್ತಿದರು.

ಹೊರಗೆ ಬಂದ ಮೇಲೆ ಕಾಕಾ ವಿವರಿಸಿದರು. ಶನಿವಾರ ಆಕೆ ಬೆಂಕಿ ಹಚ್ಚುವಂತಿಲ್ಲ. ಬೇರೆಯವರಿಗೆ ಹಚ್ಚು ಎಂದು ಹೇಳುವಂತೆಯೂ ಇಲ್ಲ, ಹೇಳಿದರೆ ತಾನೇ ಹಚ್ಚಿದ ಹಾಗೆ. ಸುಮ್ಮನೆ ಚಳಿಯಿದೆ ಎನ್ನಬಹುದು, ಕತ್ತಲೆಯಿದೆ ಎನ್ನಬಹುದು. ಹತ್ತಿರ ಇದ್ದವನು ತಾನಾಗಿ ತಿಳಿದುಕೊಳ್ಳಬೇಕು. "ಮೊದಲನೇ ಶನಿವಾರ ಆಕಿ ಚಳಿ ಅಂದ್ಲು. ನಾ ಪುಣೇದ ಹವಾ ಬಗ್ಗೆ ಅರ್ಧ ತಾಸು ಹೇಳಿದೆ. ಶೆಗಡಿ ಥಣ್ಣಗ ಅದ ಅಂದ್ಲು. ನಾ ಶೆಗಡಿಯ ಇತಿಹಾಸ ಹೇಳಿದೆ. ಕಡೀಕೆ ಆಕಿ ಹಲ್ಲು ಕಟಕಟ ಅನ್ನೂದು ಕೇಳಿ ಹೊಳೀತು." ನಡೆಯುತ್ತಲೇ ತಲೆಯಾಡಿಸಿದರು. "ಎಂಥಾ ಸೂಕ್ಷ್ಮ ಪದ್ಧತಿ ನೋಡು. ನಮ್ಮಲ್ಲೆ ಇಂಥಾದ್ದು ಇಲ್ಲೇ ಇಲ್ಲ."

ನಾನು ಕಾಕಾನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಮನೆಗೆ ಬಂದು ಕಂಡದ್ದನ್ನೆಲ್ಲ ಕಾಕೂಗೆ ವರದಿ ಮಾಡಿದೆ. ಆಕೆ ಪೂರ್ತಿ ಕೇಳಿ, ಒಲೆಗೆ ಎರಡು ಕೊಳ್ಳಿ ಒತ್ತಿ, "ಚಳಿ ಅಂದ್ರ ಶೆಗಡಿ ಹಚ್ಚತಾರ?" ಎಂದಳು. ಇನ್ನೊಂದು ಕೊಳ್ಳಿ ಒತ್ತಿ, "ಮೂರನೇ ಮಜಲು ಹತ್ತಿ?" ಎಂದಳು. ಮರು ಶನಿವಾರ ಕಾಕಾ ಹೊರಟಾಗ ಬಾಗಿಲ ಬಳಿ ಒಂದು ಡಬ್ಬಿ ಎಳ್ಳುಂಡೆ ಇತ್ತು.

ಮೇಡಮ್ಮನ ಎದುರಿಗೆ ಕಾಕಾ ಒಂದೇ ಸಲ ತಮ್ಮ ಸಿದ್ಧಾಂತ ಹೇಳಿದ್ದು ನನಗೆ ಗೊತ್ತು. ಷಣ್ಮುಖನಿಗೆ ಆರು ಮಂದಿ ತಾಯಂದಿರು ಹಾಲು ಕುಡಿಸಿದ ಹಾಗೆ ಯುರೋಪೆಂಬ ಕೂಸಿಗೆ ಮೂವರು ತಾಯಂದಿರು ಎಂಬ ಮಾತನ್ನು ಬಹಳ ಚಂದವಾಗಿ ಹೇಳಿದರು. ತಮ್ಮ ಪುಸ್ತಕಗಳಲ್ಲಿ ಮೊದಲನೆಯ ಸಂಪುಟವೂ ಕೊನೆಯದೂ ಇಲ್ಲ ಎಂದೂ ಹೇಳಿದರು. ಮೇಡಮ್ಮ ಗಮನಕೊಟ್ಟು ಕೇಳಿದಳು. "ಮೊದಲನೆಯದು ನಮ್ಮ ಮನೆಯಲ್ಲಿತ್ತು," ಎಂದಳು. "ಕೂಸು ದೊಡ್ಡದಾಗಿ ಆ ಮೊದಲನೆಯ ತಾಯಿಯನ್ನು ಮನೆಯಿಂದ ಹೊರಗೆ ಹಾಕಿತು. ಕೊನೆಯ ಸಂಪುಟ ನೀವು ಓದದಿದ್ದರೂ ನಡೆಯುತ್ತದೆ." ದನಿಯಲ್ಲಿ ದೂರು ಇರಲಿಲ್ಲ. ಹೊರಟಾಗ, ತೊಳೆದಿಟ್ಟಿದ್ದ ಎಳ್ಳುಂಡೆಯ ಡಬ್ಬಿಯೊಳಗೆ ನಾಲ್ಕು ಬಿಸ್ಕೀಟು ಹಾಕಿ ಕೊಟ್ಟಳು. ಶನಿವಾರ ತೊಳೆಯುವಂತಿಲ್ಲವೆಂದು ಡಬ್ಬಿಯನ್ನು ಹಿಂದಿನ ವಾರವೇ ಇಟ್ಟುಕೊಂಡಿದ್ದಳು. ಆ ದಿನ ದಾರಿಯುದ್ದಕ್ಕೂ ಕಾಕಾ ಒಂದೂ ಬಿಲ್ಟಿಯ ಮಾತು ಎತ್ತಲಿಲ್ಲ. ನನಗೆ ಅದು ಹೊಸತು. ಅಂದಿನಿಂದ ಅವರು ಅಲ್ಲಿ ಮಾತು ಕಡಿಮೆ ಮಾಡಿ, ಕೇಳುವುದನ್ನು ಹೆಚ್ಚು ಮಾಡಿದರು.

ಕಡೆಯ ಉಪನ್ಯಾಸ ಶನಿವಾರ ಸಂಜೆ ಐದೂವರೆಗೆ ಗೊತ್ತಾಯಿತು. ಆ ವರ್ಷವೇ ಅವರಿಗೆ ಪಿಂಚಣಿ. ಇದು ತಪ್ಪಿದರೆ ಇನ್ನೊಂದು ದಿನವಿಲ್ಲ ಎಂಬುದು ಮನೆಯ ಮೂವರಿಗೂ ಗೊತ್ತಿತ್ತು. ಕಾಕಾ ಆ ವಾರವೆಲ್ಲ ಗಡಿಯಾರ ಎದುರಿಗಿಟ್ಟುಕೊಂಡು ಓದಿ ಓದಿ ಐವತ್ತೆಂಟು ನಿಮಿಷಕ್ಕೆ ತಂದರು. ನಗುವುದಕ್ಕೆ ಎರಡು ನಿಮಿಷ ಬಿಟ್ಟಿದ್ದರು.

ಶನಿವಾರ ಬೆಳಿಗ್ಗೆ ಮೇಡಮ್ಮನ ಶೆಗಡಿ ಹಚ್ಚಿ ಬಂದರು. ಮಧ್ಯಾಹ್ನ ನಾಲ್ಕಕ್ಕೆ ಕೋಟು ಹಾಕಿ, ರುಮಾಲು ಸುತ್ತಿ, ಹೊಲಿದ ಕಟ್ಟನ್ನು ಕಂಕುಳಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತರು. ಮೊದಲನೆಯ ಸಾಲಿನಲ್ಲಿ ಜಾಗ ಬೇಕೆಂದು ನಾನೂ ಚಪ್ಪಲಿ ಮೆಟ್ಟಿದ್ದೆ. ಕಾಕೂ ಒಳಖೋಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೂರು ದಿನಗಳಿಂದ ಮೈ ಸ್ವಲ್ಪ ಬಿಸಿ ಎಂದಿದ್ದಳು. ಕೇಳಿದಾಗಲೆಲ್ಲ "ಏನಿಲ್ಲ, ದಣಿವು" ಎಂದಿದ್ದಳು. ಅಡಿಗೆ ಮಾಡಿದ್ದಳು, ನೀರು ತಂದಿದ್ದಳು. ನನಗೆ ಸಂಶಯ ಬಂದಿರಲಿಲ್ಲ.

"ಹೋಗಿ ಬರ್ತೀನಿ," ಎಂದರು ಕಾಕಾ.

ಕಾಕೂ ಎದುರಿನ ಗೋಡೆಗೆ ಹೇಳಿದಳು: "ಇವತ್ತ್ಯಾಕೋ ಈ ಖೋಲ್ಯಾಗ ಭಾಳ ಕತ್ತಲದ."

ನಾನು ಕೇಳಿದೆ. ಗೋಡೆಗೆ ಹೇಳಿದ್ದನ್ನು ಕೇಳಿಸಿಕೊಳ್ಳುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲವಲ್ಲ! ಅರ್ಧ ತೆರೆದಿದ್ದ ಕಿಟಕಿಯನ್ನು ಪೂರ್ತಿ ತೆರೆದೆ. ಇಳಿಹೊತ್ತಿನ ಬಿಸಿಲು ಆಕೆಯ ಮಡಿಲಿನ ಮೇಲೆ ಬಿದ್ದಿತ್ತು. ಕೆಲಸ ಮುಗಿಯಿತೆಂದು ಬಾಗಿಲಿಗೆ ಬಂದೆ.

ಕಾಕಾ ಹೊಸ್ತಿಲಿನಿಂದ ಕದಲಿರಲಿಲ್ಲ. ಬಿಸಿಲನ್ನು ನೋಡಿದರು. ಕಾಕೂನನ್ನು ನೋಡಿದರು. ಕಟ್ಟನ್ನು ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಕಾಕೂನ ಹಣೆಯ ಮೇಲೆ ಅಂಗೈ ಇಟ್ಟರು. ಮೂರನೆಯವರು ನೋಡುತ್ತಿರುವಾಗ ನಮ್ಮ ಮನೆಗಳಲ್ಲಿ ಗಂಡ ಹೆಂಡತಿಯನ್ನು ಮುಟ್ಟಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕಾಕೂ ಕಣ್ಣು ಮುಚ್ಚಿದಳು.

"ಜೋಶಿಯವರಿಗೆ ಹೇಳು, ಡಾಕ್ಟರಿಗೆ ಮಂದಿ ಕಳಸ್ಲಿ," ಎಂದರು ಕಾಕಾ. ರುಮಾಲು ಬಿಚ್ಚಿ ಮೊಳೆಗೆ ಹಾಕಿದರು. "ಆಮ್ಯಾಲೆ ನೀ ಸಂಘಕ್ಕ ಹೋಗಿ ಓದು."

"ನಾನ? ಕಾಕಾ, ಹದಿನೈದು ವರ್ಷ—"

"ಅಕ್ಷರ ನಿಂದೇ ಅದಲ್ಲ."

ಓದುವವರು ಗಾಬರಿಯಾಗಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇನೆ: ಅದು ವಿಷಮಜ್ವರ, ಮೂರು ವಾರ ಮಲಗಿ, ನಾಲ್ಕನೆಯ ವಾರ ಕಾಕೂ ಎದ್ದಳು. ಇನ್ನೆರಡು ದಿನ ಹೀಗೆ ಓಡಾಡಿದ್ದರೆ ತನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಆ ಸಂಜೆ ಕಾಕಾನಿಗೆ ಹೇಳಿದರಂತೆ. ಇದು ಕೇಳಿದ್ದು. ಖೋಲಿಯಲ್ಲಿ ಕತ್ತಲೆಯೆಂದು ಕಾಕೂ ಅಂದ ಮಾತನ್ನು ಕಾಕಾನ ಜೊತೆಗೇ ನಾನೂ ಕೇಳಿದೆ, ಕೇಳಿ ಕಿಟಕಿ ತೆರೆದೆ. ಇದು ಕಂಡದ್ದು. ಎಷ್ಟೋ ವರ್ಷಗಳ ಮೇಲೆ ಬರೆಯುವಾಗಲೂ ಈ ಸಾಲಿಗೆ ಬಂದರೆ ನನ್ನ ಲೇಖಣಿ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಸಂಘದಲ್ಲಿ ನಾನು ಓದಿದೆ. ಮೊದಲ ಪುಟದಲ್ಲಿ ಎರಡು ಸಲ ತಡವರಿಸಿದೆ. ಯಹೂದಿಗಳು ಮರುಭೂಮಿ ದಾಟಿದಾಗ ಯಾರೋ ಹಿಂದಿನಿಂದ "ಅಬ್ಬಾ, ದಾಟಿದ್ರು" ಎಂದರು. ಅಲ್ಲಿಂದ ಮುಂದೆ ಸಲೀಸಾಯಿತು. ಟೊಲೆಡೊ ಜಂಕ್ಷನ್ನಿನಲ್ಲಿ ಗಂಟುಗಳು ಇಳಿದವು, ಏರಿದವು. ಸರಿಯಾಗಿ ಒಂದು ತಾಸಿಗೆ ಮುಗಿಯಿತು. ಒಬ್ಬರೂ ಎದ್ದು ಹೋಗಿರಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚಿದ್ದರು. ಒಳಗೆ ಒಲೆ ಉರಿಯುತ್ತಿತ್ತು, ಮೇಲೆ ಗಂಜಿ. ಕಾಕಾನ ಧೋತರದ ಅಂಚಿಗೆ ಮಸಿ. ಕಾಕೂ ಕಂಬಳಿ ಹೊದ್ದು ಮಲಗಿದ್ದಳು, ಕಣ್ಣು ಮುಚ್ಚಿದ್ದಳು.

"ಮುಗೀತೇನು?" ಎಂದು ಕಾಕಾ ಪಿಸುದನಿಯಲ್ಲಿ ಕೇಳಿದರು.

"ಮುಗೀತು ಕಾಕಾ. ಪೂರ್ತಿ."

ಅವರು ತಲೆಯಾಡಿಸಿದರು. ಇನ್ನೇನೋ ಕೇಳಬೇಕೆಂದಿದ್ದರು, ಬಿಟ್ಟು ಗಂಜಿ ಕಲಕಿದರು. ಆಗ ಕಂಬಳಿಯ ಒಳಗಿನಿಂದ ಕಾಕೂನ ದನಿ ಬಂತು. ಗೋಡೆಗಲ್ಲ, ಗಡಿಗೆಗಲ್ಲ, ನೇರವಾಗಿ ನನಗೆ:

"ಸೊನ್ನೀದು ಓದಿದಿ?"

"ಓದಿದೆ, ಕಾಕೂ."

"ಕೆಳಗ ಬರದದ್ದು?"

"ಅದನ್ನೂ."

ಕಂಬಳಿ ಸರಿಸಿ ಕೇಳಿದಳು: "ನಕ್ಕರೇನು?"

"ಎರಡು ನಿಮಿಷ," ಎಂದೆ.

ಕಾಕೂ ತುಟಿ ಒದ್ದೆ ಮಾಡಿಕೊಂಡಳು. ಆಕೆ ಬಾಯಿ ತೆರೆಯುವ ಮೊದಲೇ ಕಾಕಾ ನೀರು ತರಲು ಎದ್ದಿದ್ದರು.